ಗುಡುಗಿಗೆ ಹೆದರುವ ನಾಯಿ: ಮಳೆ ಬರುವ ಮುಂಚೆಯೇ ಶುರುವಾಗಬೇಕಾದ ಕೆಲಸ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಮಲೆನಾಡಿನಲ್ಲಿ ಎಲ್ಲರೂ ಆಕಾಶ ನೋಡಲು ಶುರು ಮಾಡುತ್ತಾರೆ. ಹೂವಿಗೊಂದು ಮಳೆ ಬೇಕು, ಆಮೇಲೆ ಕಾಯಿ ಕಚ್ಚಲು ಇನ್ನೊಂದು ಬೇಕು. ಮಾರ್ಚ್‌ನಿಂದ ಮೇ ತನಕದ ಈ ಮಳೆ ಸದ್ದಿಲ್ಲದೆ ಬರುವುದಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಗಾಳಿ ಏಳುತ್ತದೆ, ಗುಡುಗು ಸಿಡಿಲು ಸಮೇತ ಸುರಿಯುತ್ತದೆ. ಅಶ್ವಿನಿ, ಭರಣಿ ಮಳೆ ಸರಿಯಾಗಿ ಹಿಡಿಯಿತು ಎಂದು ಮನೆಯವರು ಖುಷಿಪಡುವಾಗ ಅದೇ ಮನೆಯ ನಾಯಿ ಮಂಚದ ಕೆಳಗೆ ನಡುಗುತ್ತಿರುತ್ತದೆ.

ಜೂನ್, ಜುಲೈನ ಜಡಿಮಳೆಯಲ್ಲಿ ಗುಡುಗು ಕಡಿಮೆ. ನಾಯಿಗಳಿಗೆ ಜಾಸ್ತಿ ಕಷ್ಟ ಅದಕ್ಕೆ ಮುಂಚಿನ ಈ ಮೂರು ತಿಂಗಳು, ಮತ್ತೆ ಅಕ್ಟೋಬರ್‌ನ ಹಿಂಗಾರು. ಅದರ ಬೆನ್ನಿಗೇ ದೀಪಾವಳಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರಿಗೆ ಇನ್ನೂ ಒಂದಿದೆ, ತೋಟಕ್ಕೆ ಬಂದ ಆನೆ ಓಡಿಸಲು ಹೊಡೆಯುವ ಪಟಾಕಿ. ಅದಕ್ಕೆ ಕಾಲವೂ ಇಲ್ಲ, ಹೊತ್ತೂ ಇಲ್ಲ.

ಈ ಹೆದರಿಕೆಯನ್ನು ಬಹಳಷ್ಟು ಕಡಿಮೆ ಮಾಡಬಹುದು. ಆದರೆ ಮೋಡ ಕಟ್ಟಿದ ಮೇಲೆ ಶುರು ಮಾಡಿದರೆ ಅರ್ಧ ಕೆಲಸವೂ ಆಗುವುದಿಲ್ಲ. ನಿಜವಾದ ಕೆಲಸ ಇರುವುದು ಡಿಸೆಂಬರ್, ಜನವರಿ, ಫೆಬ್ರವರಿಯ ಒಣ ದಿನಗಳಲ್ಲಿ.

ಹೆದರಿಕೆಯನ್ನು ಗುರುತಿಸಿ

ನಡುಗುವುದು, ಬಾಲ ಹೊಟ್ಟೆ ಕೆಳಗೆ ಸಿಕ್ಕಿಸಿಕೊಳ್ಳುವುದು, ಓಡಿಹೋಗುವುದು ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೂ ಮುಂಚಿನ ಸಣ್ಣ ಗುರುತುಗಳು ಕಣ್ಣಿಗೆ ಬೀಳುವುದಿಲ್ಲ. ಸೆಖೆ ಇಲ್ಲದಿದ್ದರೂ ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತದೆ. ಮತ್ತೆ ಮತ್ತೆ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಒಂದು ಕಡೆ ಕೂರದೆ ಒಳಗೆ ಹೊರಗೆ ಓಡಾಡುತ್ತದೆ. ಅದು ನಡೆದ ನೆಲವನ್ನು ಒಮ್ಮೆ ನೋಡಿ. ನಾಯಿಗೆ ಬೆವರು ಬರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಹೆದರಿದಾಗ ಕೆಂಪು ಗಾರೆ ನೆಲದ ಮೇಲೆ ಒದ್ದೆ ಹೆಜ್ಜೆಗಳು ಸಾಲಾಗಿ ಮೂಡುತ್ತವೆ, ಎರಡು ನಿಮಿಷದಲ್ಲಿ ಆರಿಹೋಗುತ್ತವೆ. ಹೊರಗೆ ಇನ್ನೂ ಹನಿ ಬಿದ್ದಿರುವುದಿಲ್ಲ.

ನಮಗೆ ಏನೂ ಕೇಳಿಸದಾಗಲೇ ನಾಯಿ ಯಾಕೆ ಹೀಗಾಡುತ್ತದೆ ಎಂದು ಕೇಳುವವರಿದ್ದಾರೆ. ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದ ತನಕದ ಸದ್ದು ಕೇಳಿದರೆ ನಾಯಿಗೆ ಸುಮಾರು 45,000ದ ತನಕ ಕೇಳುತ್ತದೆ. ದೂರದ ಸಣ್ಣ ಸದ್ದೂ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗೆ ಒಂದೆರಡು ಮಳೆಗಾಲ ಕಂಡ ನಾಯಿ ಗಾಳಿ, ಕತ್ತಲು ಕವಿಯುವುದು, ಮಿಂಚು, ಇವೆಲ್ಲ ಗುಡುಗಿನ ಮುಂಚೆ ಬರುತ್ತವೆ ಎಂದು ಕಲಿತುಬಿಟ್ಟಿರುತ್ತದೆ.

ಸರಪಳಿ ಬಿಚ್ಚಿ, ಒಳಗೆ ಕರೆತನ್ನಿ

ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ. ತೋಟದ ಮನೆಗಳಲ್ಲಿ ಕಾವಲಿಗೆಂದು ನಾಯಿಯನ್ನು ಕಟ್ಟಿಹಾಕುವುದು, ಉದ್ದ ತಂತಿ ಎಳೆದು ಅದಕ್ಕೆ ಸರಪಳಿ ಸಿಕ್ಕಿಸುವುದು ಮಾಮೂಲು. ಗುಡುಗಿನ ಹೊತ್ತಿನಲ್ಲಿ ಇದರಷ್ಟು ಅಪಾಯ ಬೇರೆ ಇಲ್ಲ. ಹೆದರಿದ ನಾಯಿ ಎಳೆದಾಡಿ ಕುತ್ತಿಗೆಗೆ ಗಾಯ ಮಾಡಿಕೊಳ್ಳುತ್ತದೆ, ಸುತ್ತಿಕೊಂಡು ಉಸಿರು ಕಟ್ಟಬಹುದು. ಎತ್ತರದ ಸಿಲ್ವರ್ ಮರಕ್ಕೋ ಕಬ್ಬಿಣದ ತಂತಿಗೋ ಕಟ್ಟಿದ್ದರೆ ಸಿಡಿಲಿನ ಅಪಾಯ ಬೇರೆ. ಬಿಟ್ಟ ನಾಯಿ ಹೊರಗೇ ಇದ್ದರೂ ಕಷ್ಟವೇ. ದಿಕ್ಕು ತಪ್ಪಿ ಓಡಿದ ನಾಯಿ ಹಂದಿಗೆ ಇಟ್ಟ ಉರುಳಿಗೆ ಸಿಗಬಹುದು, ರಾತ್ರಿಯಾದರೆ ಚಿರತೆಗೆ ಸಿಗಬಹುದು, ಹೆದ್ದಾರಿಗೆ ಬಿದ್ದರೆ ಲಾರಿಗೆ ಸಿಗಬಹುದು. ಮೋಡ ಕಂಡ ಕೂಡಲೇ ಒಳಗೆ ಕರೆದು ಬಾಗಿಲು ಹಾಕಿ. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್ ಬರೆದಿರಲಿ.

ನಾಯಿಯನ್ನು ಮನೆಯೊಳಗೆ ಬಿಡದ ಪದ್ಧತಿ ಹಲವು ಮನೆಗಳಲ್ಲಿದೆ. ಸರಿ, ಬಚ್ಚಲು ಮನೆಯೋ ಉಗ್ರಾಣವೋ ಇದೆ ಅಲ್ವಾ? ಒಂದು ಗಂಟೆಯ ಮಟ್ಟಿಗೆ ಅಲ್ಲಾದರೂ ಬಿಡಿ.

ಅದಕ್ಕೊಂದು ಜಾಗ

ಜಾಗವನ್ನು ನಾಯಿಯೇ ಆರಿಸಿಕೊಂಡಿರುತ್ತದೆ, ನೀವು ಗಮನಿಸಿದರೆ ಸಾಕು. ಹಂಡೆ ಒಲೆಯ ಸಂದು, ಮೆಟ್ಟಿಲ ಕೆಳಗೆ, ಬೀರುವಿನ ಹಿಂದೆ. ಅಲ್ಲೇ ಒಂದು ಗೋಣಿಚೀಲ, ಮೇಲೆ ಹಳೇ ಕಂಬಳಿ ಹಾಸಿ. ಮಿಂಚು ಕಾಣದ ಹಾಗೆ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ. ಜಿಂಕ್ ಶೀಟಿನ ಮಾಡಿನ ಕೆಳಗಿನ ಕೋಣೆ ಬೇಡ, ಅಲ್ಲಿ ಮಳೆಯ ಸದ್ದೇ ಕಿವಿ ಒಡೆಯುತ್ತದೆ. ತಾರಸಿ ಅಥವಾ ಅಟ್ಟದ ಕೆಳಗಿನ ಕೋಣೆ ವಾಸಿ. ಒಳಗೆ ಹಾಕಿ ಚಿಲಕ ಹಾಕಬೇಡಿ. ಬಂದು ಹೋಗಲು ದಾರಿ ಇದ್ದರೇ ಅದಕ್ಕೆ ಧೈರ್ಯ. ಬೀಗ ಬಿದ್ದರೆ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವ ನಾಯಿಗಳಿವೆ.

ಗುಡುಗಿನ ಸದ್ದು ಮುಚ್ಚಲು ಟಿವಿ, ಫ್ಯಾನ್ ಹಾಕುವುದು ಒಳ್ಳೆಯದು. ಆದರೆ ನಮ್ಮ ಕಡೆ ಮೊದಲ ಸಿಡಿಲಿಗೇ ಕರೆಂಟ್ ಹೋಗುತ್ತದೆ. ಸೆಲ್ ಹಾಕಿದ ರೇಡಿಯೊ ಇಟ್ಟುಕೊಂಡಿರಿ, ಇಲ್ಲವಾದರೆ ಫೋನ್ ಚಾರ್ಜ್ ಮಾಡಿಕೊಂಡಿರಿ.

ಗುಡುಗು ಹೊಡೆಯುವಾಗ

ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಅದರ ಹೆದರಿಕೆ ಜಾಸ್ತಿಯಾಗುತ್ತದೆ ಎಂದು ಹೇಳುವವರು ಈಗಲೂ ಇದ್ದಾರೆ. ಇದನ್ನು ನಂಬಬೇಡಿ. ಹೆದರಿಕೆ ನಾಯಿ ಬೇಕೆಂದು ಮಾಡುವ ಕೆಲಸ ಅಲ್ಲ, ಮುದ್ದು ಮಾಡಿದರೆ ಬೆಳೆಯುವುದೂ ಇಲ್ಲ. ಹತ್ತಿರ ಬಂದರೆ ಪಕ್ಕದಲ್ಲಿ ಕೂತು ಮೆಲ್ಲಗೆ ಬೆನ್ನು ಸವರಿ. ತಾನಾಗಿ ಸಂದಿಯಲ್ಲಿ ಕೂತಿದ್ದರೆ ಎಳೆದು ತರಬೇಡಿ. ಬೈಯುವುದು, ಹೊಡೆಯುವುದು ಯಾವ ಕಾರಣಕ್ಕೂ ಬೇಡ. ಮನೆಯೊಳಗೆ ಉಚ್ಚೆ ಮಾಡಿಕೊಂಡಿದ್ದರೂ ಸುಮ್ನೆ ಒರೆಸಿಬಿಡಿ.

ಗುಡುಗನ್ನೇ ಪಾಠಕ್ಕೆ ಬಳಸುವ ಒಂದು ಉಪಾಯ ಇದೆ, ಮಕ್ಕಳಿಗೂ ಇದು ಇಷ್ಟವಾಗುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳಲು ಪ್ರತಿ ಕಿಲೋಮೀಟರಿಗೆ ಸುಮಾರು 3 ಸೆಕೆಂಡ್ ಹಿಡಿಯುತ್ತದೆ. ಮಿಂಚು ಕಂಡ ಕೂಡಲೇ ಬೇಯಿಸಿದ ಕೋಳಿ ಲಿವರಿನ ಚೂರನ್ನು ಕೈಯಲ್ಲಿ ಮುಚ್ಚಿಟ್ಟುಕೊಳ್ಳಿ. ಗುಡುಗು ಕೇಳಿಸಿದ ತಕ್ಷಣ ಅದರ ಮುಂದೆ ಹಾಕಿ. ಪ್ರತಿ ಗುಡುಗಿಗೂ ಒಂದು ಚೂರು. ಹೆದರಿದ್ದರೂ ಪರವಾಗಿಲ್ಲ, ಕೊಡಿ. ತಿನ್ನದೇ ಹೋದರೆ ಹೆದರಿಕೆ ಮಿತಿ ಮೀರಿದೆ ಎಂದು ತಿಳಿಯಿರಿ, ಆಗ ಬಲವಂತ ಬೇಡ, ಜೊತೆಗಿರಿ ಅಷ್ಟೇ.

ಎದೆ ಹೊಟ್ಟೆ ಸುತ್ತ ಬಟ್ಟೆಯನ್ನು ಹದವಾಗಿ ಬಿಗಿದು ಸುತ್ತಿದರೆ ಕೆಲವು ನಾಯಿಗಳು ತಣ್ಣಗಾಗುತ್ತವೆ. ಎಲ್ಲಕ್ಕೂ ಆಗಿಬರುವುದಿಲ್ಲ. ಮಳೆ ಇಲ್ಲದ ದಿನ ಒಮ್ಮೆ ಸುತ್ತಿ ನೋಡಿ.

ಒಣ ದಿನಗಳ ಪಾಠ

ಈಗ ಮುಖ್ಯ ಕೆಲಸಕ್ಕೆ ಬರೋಣ. ಗುಡುಗಿನ ರೆಕಾರ್ಡಿಂಗ್ ಫೋನಿನಲ್ಲೇ ಸಿಗುತ್ತದೆ. ನಾಯಿ ಆರಾಮವಾಗಿರುವ ಹೊತ್ತು ನೋಡಿಕೊಳ್ಳಿ, ಸಂಜೆ ಸುತ್ತಾಡಿ ಬಂದ ಮೇಲಾದರೆ ಒಳ್ಳೆಯದು. ನಿಮಗೇ ಕಷ್ಟಪಟ್ಟು ಕೇಳುವಷ್ಟು ಸಣ್ಣದಾಗಿ ಸದ್ದು ಹಾಕಿ. ನಾಯಿಯ ಕಿವಿ ಒಮ್ಮೆ ಆ ಕಡೆ ತಿರುಗುತ್ತದೆ, ಮತ್ತೆ ನಿಮ್ಮ ಕಡೆ ನೋಡುತ್ತದೆ. ಆಗ ಕಡಲೆ ಬೀಜದಷ್ಟು ಮಾಂಸದ ಚೂರು. ಸದ್ದು ಮೊದಲು, ತಿನಿಸು ಆಮೇಲೆ. ಈ ಸರದಿ ತಪ್ಪಬಾರದು. ತಿನಿಸು ಮೊದಲು ತೋರಿಸಿದರೆ, ತಿನಿಸು ಬಂತೆಂದರೆ ಸದ್ದು ಬರುತ್ತದೆ ಎಂದು ಕಲಿತು ತಿನಿಸಿಗೇ ಹೆದರಬಹುದು.

ಒಂದು ಸಲಕ್ಕೆ ಐದು ನಿಮಿಷ ಸಾಕು. ಕೆಲವು ದಿನ ಅಷ್ಟೇ ಸದ್ದಿನಲ್ಲಿ ಮಾಡಿ. ಸದ್ದು ಕೇಳಿದ ಕೂಡಲೇ ನಾಯಿ ಬಾಲ ಅಲ್ಲಾಡಿಸಿ ನಿಮ್ಮ ಕೈ ನೋಡಲು ಶುರು ಮಾಡಿದರೆ ಒಂದು ಗೆರೆ ಮಾತ್ರ ಸದ್ದು ಏರಿಸಿ. ಆಕಳಿಕೆ, ತುಟಿ ನೆಕ್ಕುವುದು ಕಂಡರೆ ಏರಿಸಿದ್ದು ಜಾಸ್ತಿಯಾಯಿತು, ಹಿಂದಕ್ಕೆ ಬನ್ನಿ. ಇದಕ್ಕೆ ವಾರಗಳು ಹಿಡಿಯುತ್ತವೆ, ಕೆಲವಕ್ಕೆ ತಿಂಗಳುಗಳು. ಫೋನಿನ ಸ್ಪೀಕರಿನಲ್ಲಿ ಗುಡುಗಿನ ಭಾರದ ಸದ್ದು ಬರುವುದಿಲ್ಲ. ಆದ್ದರಿಂದ ಕೊನೆಕೊನೆಗೆ ದೊಡ್ಡ ಸ್ಪೀಕರಿಗೆ ಹಾಕಿ, ಅಲ್ಲಿ ಮತ್ತೆ ಸಣ್ಣ ಸದ್ದಿನಿಂದಲೇ ಶುರು ಮಾಡಿ. ಮೊದಲ ಮಳೆ ಬಿದ್ದ ದಿನದಿಂದ ರೆಕಾರ್ಡಿಂಗ್ ಪಾಠ ನಿಲ್ಲಿಸಿ.

ಪಟಾಕಿಯ ಸದ್ದಿಗೂ ಇದೇ ದಾರಿ. ಹೆದರಿಕೆ ಬಿಡಿಸುತ್ತೇವೆ ಎಂದು ನಾಯಿಯನ್ನು ಹಿಡಿದು ಪಟಾಕಿ ಪಕ್ಕ ನಿಲ್ಲಿಸುವವರು, ಕಿವಿಯ ಹತ್ತಿರ ಕೋವಿ ಹಾರಿಸುವವರು ಇದ್ದಾರೆ. ಅದು ಹಿಂಸೆ. ಅದರಿಂದ ಹೆದರಿಕೆ ಬೇರೂರುತ್ತದೆ, ಜೊತೆಗೆ ಹಿಡಿದವರ ಮೇಲಿನ ನಂಬಿಕೆಯೂ ಹೋಗುತ್ತದೆ.

ಮನೆಯಲ್ಲಿ ಮರಿ ಇದ್ದರೆ ನೀವು ಅದೃಷ್ಟವಂತರು. ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದ ತನಕ ಅದು ಲೋಕವನ್ನು ಕಲಿಯುವ ಕಾಲ. ಕುಕ್ಕರ್ ಸೀಟಿ, ಮಿಕ್ಸಿ, ಪಾತ್ರೆ ಬಿದ್ದ ಸದ್ದು, ಎಲ್ಲವನ್ನೂ ದೂರದಿಂದ, ತಿನಿಸಿನ ಜೊತೆ ಪರಿಚಯ ಮಾಡಿಸಿ.

ಡಾಕ್ಟರ್ ಹತ್ತಿರ ಯಾವಾಗ

ಇಷ್ಟು ದಿನ ಗುಡುಗಿಗೆ ತಲೆ ಕೆಡಿಸಿಕೊಳ್ಳದ, ವಯಸ್ಸಾದ ನಾಯಿ ಈ ವರ್ಷ ಇದ್ದಕ್ಕಿದ್ದಂತೆ ಹೆದರಿದರೆ ಮೊದಲು ತಪಾಸಣೆ ಮಾಡಿಸಿ. ಕೀಲು ನೋವು, ಸೊಂಟ ನೋವು ಇರುವ ನಾಯಿ ಸದ್ದಿಗೆ ಬೆಚ್ಚಿದಾಗ ಮೈ ಬಿಗಿದು ನೋವಾಗುತ್ತದೆ, ಆಮೇಲೆ ಸದ್ದಿಗೇ ಹೆದರುತ್ತದೆ. ನೋವಿಗೆ ಮದ್ದು ಮಾಡಿದರೆ ಹೆದರಿಕೆಯೂ ಇಳಿಯಬಹುದು. ಬಾಗಿಲು ಒಡೆಯುವ, ಗಾಯ ಮಾಡಿಕೊಳ್ಳುವ, ದಿನವಿಡೀ ಊಟ ಬಿಡುವ ನಾಯಿಗೂ ಡಾಕ್ಟರ್ ಬೇಕು. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಹೆದರಿಕೆ ಇಳಿಸಲೆಂದೇ ಕೊಡುವ ಔಷಧಿಗಳಿವೆ. ಟ್ರಾಜೊಡೋನ್, ಗ್ಯಾಬಪೆಂಟಿನ್, ಆಲ್‌ಪ್ರಾಜೊಲಾಮ್ ಅಂಥವು. ಯಾವುದು, ಎಷ್ಟು ಎಂಬುದು ನಾಯಿಯ ತೂಕ, ಆರೋಗ್ಯ ನೋಡಿ ಡಾಕ್ಟರೇ ಹೇಳಬೇಕು. ಇವನ್ನು ಕೊಡಬೇಕಾದ್ದು ಗುಡುಗು ಶುರುವಾಗುವ ಮುಂಚೆ. ಮಳೆ ಇಲ್ಲದ ಒಂದು ದಿನ ಡಾಕ್ಟರನ್ನು ಕೇಳಿ ಒಮ್ಮೆ ಕೊಟ್ಟು ನೋಡಿದರೆ ಅದು ನಾಯಿಗೆ ಹೇಗೆ ಹಿಡಿಸುತ್ತದೆ ಎಂದು ಗೊತ್ತಾಗುತ್ತದೆ. ಏಸ್‌ಪ್ರೊಮಜಿನ್ ಒಂದನ್ನೇ ಬರೆದುಕೊಟ್ಟರೆ ಬೇರೆ ಔಷಧಿ ಇದೆಯೇ ಎಂದು ಕೇಳಿ. ಅದು ಮೈಯನ್ನು ಮಂಕು ಮಾಡುತ್ತದೆ, ಒಳಗಿನ ಭಯ ಹಾಗೇ ಉಳಿಯುತ್ತದೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆ ನಾಯಿಗೆ ವಿಷ. ಸಮಾಧಾನಕ್ಕೆಂದು ಚಾಕೊಲೇಟ್ ಚೂರು ಕೊಡುವುದೂ ಬೇಡ.

ದೀಪಾವಳಿಗೆ ಎರಡು ಮಾತು

ಗುಡುಗಿಗಿಲ್ಲದ ಅನುಕೂಲ ಪಟಾಕಿಗಿದೆ, ಬರುವ ದಿನ ಮೊದಲೇ ಗೊತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯಂದು ಪಟಾಕಿಗೆ ರಾತ್ರಿ 8ರಿಂದ 10ರ ತನಕದ ಸಮಯ ಗೊತ್ತು ಮಾಡಿತು. ಅಕ್ಕಪಕ್ಕದವರ ಹತ್ತಿರ ಹಬ್ಬಕ್ಕೆ ಮುಂಚೆಯೇ ಮಾತಾಡಿ, ಇಂಥ ಹೊತ್ತಿಗೆ ಹೊಡೆಯಿರಿ ಎಂದು ಕೇಳಿಕೊಳ್ಳಿ. ಹೆಚ್ಚಿನವರು ಒಪ್ಪುತ್ತಾರೆ. ಆ ದಿನ ಬೆಳಕಿರುವಾಗಲೇ ಚೆನ್ನಾಗಿ ಸುತ್ತಾಡಿಸಿ, ಏಳು ಗಂಟೆಯೊಳಗೆ ಊಟ ಹಾಕಿ, ಉಚ್ಚೆಗೆ ಬಿಟ್ಟು ಒಳಗೆ ಸೇರಿಸಿ. ಆನೆ ಓಡಿಸುವ ತಂಡದವರ ನಂಬರ್ ಗೊತ್ತಿದ್ದರೆ, ನಿಮ್ಮ ತೋಟದ ಹತ್ತಿರ ಪಟಾಕಿ ಹೊಡೆಯುವ ಮುಂಚೆ ಒಂದು ಫೋನ್ ಮಾಡಲು ಹೇಳಿಡಿ. ಐದು ನಿಮಿಷ ಮೊದಲು ಗೊತ್ತಾದರೂ ನಾಯಿಯನ್ನು ಬಿಚ್ಚಿ ಒಳಗೆ ತರಬಹುದು.