ಡಯಾಲಿಸಿಸ್ ಖರ್ಚು: ಒಂದು ಸಲದ ದರ ಬಿಡಿ, ವರ್ಷದ ಲೆಕ್ಕ ಹಾಕಿ

'ಒಂದು ಸಲಕ್ಕೆ ಎಷ್ಟು?' ಡಯಾಲಿಸಿಸ್ ಎಂದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಇದು. ಕಡಿಮೆ ದರ ಹೇಳಿದ ಕಡೆ ಹೆಸರು ಬರೆಸಿ, ಆರು ತಿಂಗಳಲ್ಲಿ ಕಂಗಾಲಾಗುವವರನ್ನು ನೋಡಿ ನೋಡಿ ಸಾಕಾಗಿದೆ. ಲೆಕ್ಕ ಹಾಕುವ ಕ್ರಮ ಹೀಗಿದೆ.

ಮೊದಲು, ವೈದ್ಯರು ಒಪ್ಪಿದ ಡಯಾಲಿಸಿಸ್ ಕ್ರಮಗಳನ್ನಷ್ಟೇ ಬರೆದುಕೊಳ್ಳಿ. ವಾರಕ್ಕೆರಡೇ ಸಲ ಸಾಕೆನ್ನುವುದು ಮೂತ್ರಪಿಂಡ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿರುವವರಿಗೆ ಮಾತ್ರ. ಅದನ್ನು ತೀರ್ಮಾನಿಸುವುದು ಪರೀಕ್ಷೆಯೇ ಹೊರತು ನಿಮ್ಮ ಜೇಬಲ್ಲ.

ಎರಡನೆಯದು, ವರ್ಷಕ್ಕೆ ಗುಣಿಸುವುದು. ವಾರಕ್ಕೆ ಎರಡಾದರೆ 104, ಮೂರಾದರೆ 156, ಮನೆಯಲ್ಲಿ ವಾರಕ್ಕೆ ಆರು ದಿನ ಮಾಡಿಕೊಂಡರೆ 312 ಸಲ. ಯಂತ್ರವಿಲ್ಲದೆ, ಹೊಟ್ಟೆಯೊಳಗೆ ದ್ರಾವಣ ತುಂಬಿ ತೆಗೆಯುವ ಸಿಎಪಿಡಿಗೆ ದಿನಕ್ಕೆ ನಾಲ್ಕು ಚೀಲ ದ್ರಾವಣವಾದರೆ ವರ್ಷಕ್ಕೆ 1,460 ಚೀಲ.

ಎಡವುವುದು ಮೂರನೆಯ ಹಂತದಲ್ಲಿ. ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಪ್ರತಿ ಸಲವೂ ತಗಲುವುದು ಮೊದಲನೆಯದಕ್ಕೆ: ಡಯಲೈಸರ್ (ರಕ್ತ ಸೋಸುವ ಶೋಧಕ), ರಕ್ತದ ಕೊಳವೆ, ಸೂಜಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಹೋಗಿಬರುವ ಖರ್ಚು, ಜೊತೆಗೆ ಬರುವವರು ಕಳೆದುಕೊಳ್ಳುವ ಕೂಲಿ. ಡಯಲೈಸರ್ ಪ್ರತಿ ಸಲ ಹೊಸದೋ, ತೊಳೆದು ಮತ್ತೆ ಬಳಸುವುದೋ ಎಂದು ಬಾಯಿಬಿಟ್ಟು ಕೇಳಿ. ಎರಡು ಕೇಂದ್ರಗಳ ದರ ಬೇರೆಯಾಗಲು ಇದೂ ಒಂದು ಕಾರಣ. ಎರಡನೆಯ ಅಂಕಣಕ್ಕೆ ತಿಂಗಳ ಖರ್ಚು: ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಚುಚ್ಚುಮದ್ದು, ಕಬ್ಬಿಣಾಂಶ, ರಂಜಕ ತಗ್ಗಿಸುವ ಮಾತ್ರೆ, ರಕ್ತಪರೀಕ್ಷೆ. ಮೂರನೆಯದಕ್ಕೆ ಆಗೊಮ್ಮೆ ಈಗೊಮ್ಮೆ ಬರುವ ದೊಡ್ಡ ಮೊತ್ತ: ಫಿಸ್ಟುಲಾ (ಸೂಜಿ ಚುಚ್ಚಲೆಂದು ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ) ಶಸ್ತ್ರಚಿಕಿತ್ಸೆ, ಕ್ಯಾತಿಟರ್ (ದೇಹದೊಳಗೆ ಇಡುವ ನಳಿಕೆ) ಬದಲಾವಣೆ, ಸೋಂಕು ತಗುಲಿ ಆಸ್ಪತ್ರೆ ಸೇರುವುದು. ಸಲಗಳ ಸಂಖ್ಯೆಯಿಂದ ಗುಣಿಸಬೇಕಾದದ್ದು ಮೊದಲ ಅಂಕಣವನ್ನು ಮಾತ್ರ. ಮೂರು ಸಲದಿಂದ ಎರಡಕ್ಕೆ ಇಳಿದರೆ ಖರ್ಚೂ ಮೂರನೇ ಒಂದರಷ್ಟು ಇಳಿಯುತ್ತದೆ ಎಂದು ನಂಬುವವರು ಮೂರನ್ನೂ ಕಲಸಿರುತ್ತಾರೆ.

ಮನೆಯ ಯಂತ್ರವೆಂದರೆ ನೀರಿನ ಬಿಲ್ಲನ್ನೂ ಸೇರಿಸಿ. ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ ಹರಿಯುವ ಯಂತ್ರಕ್ಕೆ ನಾಲ್ಕು ಗಂಟೆಗೆ 120 ಲೀಟರ್ ಬೇಕು. ಶುದ್ಧೀಕರಣ ಘಟಕ ಹೊರಚೆಲ್ಲುವ ನೀರು ಬೇರೆ. ಸಿಎಪಿಡಿಗೆ ಓಡಾಟ ಉಳಿಯುತ್ತದೆ ನಿಜ, ಆದರೆ ಹೊಟ್ಟೆಯ ಸೋಂಕಿಗೆಂದು ಒಂದು ಮೊತ್ತ ಎತ್ತಿಡದ ಲೆಕ್ಕವನ್ನು ನಾನು ಲೆಕ್ಕವೆನ್ನುವುದಿಲ್ಲ.

ಯಂತ್ರ ಮಾರುವವರೇ ಹಂಚುವ ಹೋಲಿಕೆ ಪಟ್ಟಿಗಳನ್ನು ಕಸಕ್ಕೆ ಹಾಕಿ. 'ಎಲ್ಲ ಸೇರಿ' ಎನ್ನುವ ಪ್ಯಾಕೇಜಿನಲ್ಲಿ ಚುಚ್ಚುಮದ್ದು ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ವಿಮೆ ಅಥವಾ ನೆರವಿನ ಹಣವನ್ನು ಕೊನೆಯಲ್ಲಿ, ಆಯಾ ಅಂಕಣದಲ್ಲೇ ಕಳೆಯಿರಿ. ಮೂತ್ರದ ಪ್ರಮಾಣ ಇಳಿದರೆ ವೈದ್ಯರು ಕ್ರಮ ಬದಲಿಸಬಹುದು. ಆಗ ಹೊಸ ಹಾಳೆ ತೆಗೆದುಕೊಳ್ಳಿ.