ಹೊಸದೋ ರೀಕಂಡೀಷನ್ನೋ: ಹಳೆಯ ಕಾರಿಗೆ ನಾನು ಪಾರ್ಟ್ ಆರಿಸುವ ಬಗೆ

ಹಳೆಯ ಕಾರಿಗೆ ರೀಕಂಡೀಷನ್ ಪಾರ್ಟ್ (ಬಳಸಿದ್ದನ್ನೇ ಬಿಚ್ಚಿ, ಸವೆದದ್ದನ್ನು ಬದಲಿಸಿ ಸಜ್ಜು ಮಾಡಿದ್ದು) ಹಾಕುತ್ತೇನೆ ಅಂದರೆ ಈ ಕೆಲಸದಲ್ಲಿ ಪಳಗಿದವರೂ ತಲೆ ಅಲ್ಲಾಡಿಸುತ್ತಿದ್ದರು. "ಹೊಸದು ಹೊಸದೇ, ಇದನ್ನು ಆರು ತಿಂಗಳಿಗೆ ಮತ್ತೆ ಬಿಚ್ಚಬೇಕಾಗುತ್ತೆ, ನೋಡ್ತಿರಿ" ಅನ್ನುವುದೇ ಎಲ್ಲರ ಮಾತು. ಆದರೆ ನಾನು ಹಾಕಿದ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವುದು), ಸೆಲ್ಫ್ ಮೋಟಾರ್ (ಎಂಜಿನ್ ಶುರುಮಾಡುವುದು), ಆಕ್ಸಲ್ (ಚಕ್ರ ತಿರುಗಿಸುವ ರಾಡ್), ಬ್ರೇಕ್ ಕ್ಯಾಲಿಪರ್‌ಗಳು ವರ್ಷಗಳಿಂದ ಓಡುತ್ತಲೇ ಇವೆ. ಅಗ್ಗದ ಹೊಸ ಮಾಲು ಹಾಕಿಸಿಕೊಂಡ ಗಾಡಿಗಳು ಅಷ್ಟರಲ್ಲಿ ಎರಡೆರಡು ಸಲ ರಾಂಪ್ ಹತ್ತಿವೆ. ಹಾಗಂತ ಎಲ್ಲದಕ್ಕೂ ರೀಕಂಡೀಷನ್ ಅನ್ನುವವನಲ್ಲ. ಪಾರ್ಟಿನಲ್ಲಿ ಸವೆಯುವುದು ಯಾವುದು, ಉಳಿಯುವುದು ಯಾವುದು ಎಂದು ಮೊದಲು ನೋಡುತ್ತೇನೆ. ಎರಕದ ಬಾಡಿ, ತಾಮ್ರದ ವೈಂಡಿಂಗ್, ಗಟ್ಟಿ ಉಕ್ಕು ಚೆನ್ನಾಗಿದ್ದು, ಹೋಗಿರುವುದು ಬರೀ ಬೇರಿಂಗ್, ಕಾರ್ಬನ್, ಸೀಲ್ ಆಗಿದ್ದರೆ ರೀಕಂಡೀಷನ್. ಬಾಡಿಯೇ ಸವೆಯುವಂಥದ್ದಾದರೆ ಹೊಸದು.

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಗಾಡಿ ಕಂಪನಿಯ ಪೆಟ್ಟಿಗೆಯಲ್ಲಿ ಬರುವ ಹೊಸ ಪಾರ್ಟಿನ ಬೆಲೆ 100 ಅಂತ ಇಟ್ಟುಕೊಳ್ಳಿ. ನೆನಪಿನಿಂದ ಹೇಳುವ ಅಂದಾಜಿನಲ್ಲಿ ಒಳ್ಳೆಯ ರೀಮ್ಯಾನ್ ಪೀಸ್ (ಪೂರ್ತಿ ಬಿಚ್ಚಿ ಕಟ್ಟಿದ ರೀಕಂಡೀಷನ್) 55–65, ಹೆಸರಿಲ್ಲದ ಹೊಸದು 30–45, ನಿಮ್ಮದೇ ಹಳೇ ಪೀಸನ್ನು ಬಿಚ್ಚಿ ಕಿಟ್ ಹಾಕಿದರೆ 15–25. ಕೈಗೆ ಸಿಗುವ ಜಾಗದ ಆಲ್ಟರ್ನೇಟರ್ ಆದರೆ ಮಜೂರಿ 10 ದಾಟದು. ಸ್ಟೀರಿಂಗ್ ರ‍್ಯಾಕ್‌ಗೆ ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಚೌಕಟ್ಟು) ಇಳಿಸಬೇಕಾದ ಗಾಡಿಯಲ್ಲಿ ಮಜೂರಿ, ಅಲೈನ್‌ಮೆಂಟ್, ಆಯಿಲ್ ಸೇರಿ 45ರ ಹತ್ತಿರ ಹೋಗುತ್ತದೆ. ವಾರಂಟಿಯಲ್ಲಿ ಸಾಮಾನ್ಯವಾಗಿ ಪೀಸ್ ಸಿಗುತ್ತದೆ, ಮಜೂರಿ ಸಿಗುವುದಿಲ್ಲ. ಹಾಗಾಗಿ 40ರ ಅಗ್ಗದ ರ‍್ಯಾಕ್ ಒಮ್ಮೆ ಕೈಕೊಟ್ಟರೆ, ಎರಡನೆಯದು ಪುಕ್ಕಟೆ ಬಂದರೂ ಒಟ್ಟು 130. 60ರ ರೀಮ್ಯಾನ್ ಒಂದೇ ಸಲಕ್ಕೆ ನಿಂತರೆ 105. ಮಜೂರಿ ಹೆಚ್ಚಿರುವ ಕಡೆ ಪಾರ್ಟಿನಲ್ಲಿ ಉಳಿಸಲು ಹೋಗಬೇಡಿ.

ಇನ್ನೊಂದು ಮಾತು. ರೀಮ್ಯಾನ್ ಬೇರೆ, ರಿಪೇರಿ ಬೇರೆ. ರೀಮ್ಯಾನ್ ಅಂದರೆ ಪೂರ್ತಿ ಬಿಚ್ಚಿ, ಸವೆಯುವ ಭಾಗಗಳನ್ನು ಚೆನ್ನಾಗಿದ್ದರೂ ಬದಲಿಸಿ, ಬೆಂಚಿನ ಮೇಲೆ ಟೆಸ್ಟ್ ಮಾಡಿದ್ದು. ಕೆಟ್ಟದ್ದಷ್ಟನ್ನೇ ಬದಲಿಸಿ ಪೇಂಟ್ ಹೊಡೆದದ್ದು ರಿಪೇರಿ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಟೆಸ್ಟ್ ಶೀಟ್ ಇಲ್ಲದ, ಬೋಲ್ಟ್ ತಲೆ ಮೇಲೂ ಪೇಂಟ್ ಹತ್ತಿರುವ ಪೀಸನ್ನು ನಾನು ವಾಪಸ್ ಕಳಿಸುತ್ತೇನೆ.

ರೀಕಂಡೀಷನ್ ಕಣ್ಣಿಗೆ ಕಾಣುವಂತೆ ಗೆಲ್ಲುವುದು ಆಲ್ಟರ್ನೇಟರ್‌ನಲ್ಲಿ. ಒರಿಜಿನಲ್ ಬಾಷ್, ಡೆನ್ಸೊ, ವ್ಯಾಲಿಯೊ ಬಾಡಿಯಲ್ಲಿ ವೈಂಡಿಂಗ್ ಸುಟ್ಟಿರದಿದ್ದರೆ ಅದಕ್ಕೆ ಇನ್ನೂ ಆಯುಸ್ಸಿದೆ. ಹೋಗುವುದು ಎರಡು ಬೇರಿಂಗ್, ಕಾರ್ಬನ್ ಬ್ರಷ್, ರೆಗ್ಯುಲೇಟರ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಪ್ಲೇಟ್, ಕಾರ್ಬನ್ ಉಜ್ಜುವ ಸ್ಲಿಪ್ ರಿಂಗ್. ಹೆಸರಿಲ್ಲದ ಹೊಸದರಲ್ಲಿ ಇವೆಲ್ಲ ಫಳಫಳ ಹೊಳೆಯುತ್ತವೆ, ಆದರೆ ನಾನು ಬಿಚ್ಚಿ ನೋಡಿದವುಗಳಲ್ಲಿ ಡಯೋಡ್ ಕೂರುವ ಹೀಟ್ ಸಿಂಕ್ ಒರಿಜಿನಲ್‌ಗಿಂತ ತೆಳು. ಬಿಸಿ ಎಂಜಿನ್, ಐಡಲ್, ಎಸಿ, ಹೆಡ್‌ಲೈಟ್ ಎಲ್ಲ ಒಟ್ಟಿಗೆ ಬಿದ್ದರೆ ಮೊದಲು ಹೋಗುವುದು ಡಯೋಡ್.

ಹಳೇ ಪೀಸ್ ಉಳಿಸಬಹುದೋ ಇಲ್ಲವೋ ಎಂದು ಮಲ್ಟಿಮೀಟರ್ ಹೇಳುತ್ತದೆ. ರೋಟರಿನ ಎರಡು ಸ್ಲಿಪ್ ರಿಂಗುಗಳ ನಡುವೆ 2ರಿಂದ 4 ಓಮ್ ಬರಬೇಕು, ರಿಂಗಿನಿಂದ ಶಾಫ್ಟಿಗೆ ಏನೂ ತೋರಿಸಬಾರದು. ಪ್ರತಿ ಡಯೋಡ್ ಒಂದು ದಿಕ್ಕಿನಲ್ಲಿ 0.4–0.7 ವೋಲ್ಟ್, ಪ್ರೋಬ್ ಅದಲು ಬದಲು ಮಾಡಿದರೆ ಓಪನ್. ಸ್ಲಿಪ್ ರಿಂಗ್ ಮೇಲೆ ಸವೆದ ಗೀರಿಗೆ ಉಗುರು ಸಿಕ್ಕಿಕೊಂಡರೆ ಹೊಸ ರಿಂಗ್ ಹಾಕಿಸಿ, ಹೊಸ ಕಾರ್ಬನ್ ಹಾಕಿ ಅಲ್ಲಿಗೆ ಬಿಡಬೇಡಿ. ಆ ಕಾರ್ಬನ್ ಬೇಗ ತಿಂದುಹೋಗುತ್ತದೆ. ಬೇರಿಂಗ್ ಮೇಲೆ ಕೊರೆದ ನಂಬರ್ ನೋಡಿ, ಮುಂದಿನದು ಬಹಳ ಗಾಡಿಗಳಲ್ಲಿ 6303 ಅಥವಾ 6203. ಬಿಸಿ ತಡೆಯುವ ಗ್ರೀಸಿನದು, ಸಿ3 ಕ್ಲಿಯರೆನ್ಸಿನದು (ಒಳಗೆ ತುಸು ಹೆಚ್ಚು ಸಡಿಲ ಇರುವುದು) ತನ್ನಿ. ಫಿಟ್ ಮಾಡಿದ ಮೇಲೆ ಮಾಮೂಲಿ ಚಾರ್ಜಿಂಗ್ ಇರುವ ಹಳೆಯ ಗಾಡಿಯಲ್ಲಿ 13.8–14.5 ವೋಲ್ಟ್ ಸಿಗಬೇಕು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ನೋಡಿದರೆ ರಿಪಲ್ (ವೋಲ್ಟೇಜಿನ ಏರಿಳಿತ) 0.1ರ ಒಳಗಿದ್ದರೆ ಸೈ, 0.5 ದಾಟಿದರೆ ಡಯೋಡ್ ಹೋಗಿದೆ ಅಂತಲೇ ಲೆಕ್ಕ. ಬ್ಯಾಟರಿಯನ್ನು ಮೊದಲೇ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. "ರೀಕಂಡೀಷನ್ ಒಂದು ವಾರಕ್ಕೆ ಸುಟ್ಟಿತು" ಎಂಬ ದೂರುಗಳಲ್ಲಿ ಬಹಳಷ್ಟು, ಸತ್ತ ಬ್ಯಾಟರಿಯನ್ನು ಆ ಪಾಪದ ಆಲ್ಟರ್ನೇಟರ್ ತಲೆಗೆ ಕಟ್ಟಿದ್ದರಿಂದ ಆದವು.

ಹೆಸರಿಲ್ಲದ ಹೊಸದನ್ನೇ ತಂದು, ಒಳಗೆ ಒಳ್ಳೆಯ ಬೇರಿಂಗ್, ಒಳ್ಳೆಯ ರೆಗ್ಯುಲೇಟರ್ ಹಾಕಿಯೂ ನೋಡಿದ್ದೇನೆ. ಸದ್ದು ಹೋಯಿತು, ವೋಲ್ಟೇಜ್ ನಿಂತಿತು. ಆದರೆ ಖರ್ಚು ಹೆಚ್ಚುಕಡಿಮೆ ರೀಮ್ಯಾನ್‌ನಷ್ಟೇ ಆಯಿತು, ಡಯೋಡ್ ಪ್ಲೇಟಿನ ಬಿಸಿ ಇದ್ದ ಹಾಗೇ ಇತ್ತು. ಆ ದಾರಿ ಬಿಟ್ಟೆ.

ಸೆಲ್ಫ್ ಮೋಟಾರಿನದು ಇನ್ನೂ ಸುಲಭ. ಡೆನ್ಸೊ ಮಾದರಿಯ ಗೇರ್ ಸೆಲ್ಫ್ 'ಟಿಕ್' ಎಂದು ಸುಮ್ಮನಾದರೆ, ಬ್ಯಾಟರಿ ಮತ್ತು ಅರ್ತ್ ಸರಿ ಇದ್ದಲ್ಲಿ, ಹತ್ತರಲ್ಲಿ ಎಂಟು ಸಲ ಮೋಟಾರಿಗೆ ಕರೆಂಟ್ ಕೂಡಿಸುವ ಸೊಲೆನಾಯ್ಡಿನೊಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದಿರುತ್ತದೆ. ಎರಡು ಕಾಂಟ್ಯಾಕ್ಟ್, ಒಂದು ಪ್ಲಂಜರ್. ಹೊಸ ಸೆಲ್ಫ್ 100 ಆದರೆ ಇವು 5 ಕೂಡ ಆಗುವುದಿಲ್ಲ. ಹಳೆಯದನ್ನೇ ಅರ ಹಾಕಿ ಉಜ್ಜಿ ಕೂರಿಸಿದರೆ ಕೆಲವೇ ತಿಂಗಳಿಗೆ ಮತ್ತೆ ಅದೇ ಟಿಕ್. ಬ್ಯಾಟರಿ ಕಡೆಯ ಕಾಂಟ್ಯಾಕ್ಟ್ ಹೆಚ್ಚು ಸವೆಯುತ್ತದೆ, ಹಾಗಂತ ಅದೊಂದನ್ನೇ ಬದಲಿಸಬೇಡಿ. ಎತ್ತರ ವ್ಯತ್ಯಾಸವಾಗಿ ಪ್ಲಂಜರಿನ ಬಿಲ್ಲೆ ಓರೆಯಾಗಿ ಕೂರುತ್ತದೆ.

ಆಕ್ಸಲ್ ವಿಷಯದಲ್ಲಿ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿದೆ, ತಿರುವಿನಲ್ಲಿ ಕಟಕಟ ಇನ್ನೂ ಶುರುವಾಗಿಲ್ಲ ಅಂದರೆ ಒರಿಜಿನಲ್ ಆಕ್ಸಲ್ ಎಸೆಯಲೇಬೇಡಿ. ಬಿಚ್ಚಿ, ಹಳೇ ಗ್ರೀಸ್ ಪೂರ್ತಿ ತೊಳೆದು, ಗುಂಡುಗಳನ್ನು ಹಿಡಿದಿಡುವ ಕೇಜ್ ಮತ್ತು ಅವುಗಳ ಓಟದ ಜಾಗ ನೋಡಿ. ಹೊಳಪಿನ ಪಟ್ಟಿ ಇದ್ದರೆ ಪರವಾಗಿಲ್ಲ, ಗುಳಿ ಬಿದ್ದಿದ್ದರೆ ಮುಗಿಯಿತು. ಸರಿ ಇದ್ದರೆ ಹೊಸ ಬೂಟ್, ಮಾಲಿಬ್ಡಿನಮ್ ಗ್ರೀಸ್ ಹೊರ ಜಾಯಿಂಟಿಗೆ 80–120 ಗ್ರಾಂ. ಅಗ್ಗದ ಹೊಸ ಆಕ್ಸಲ್‌ಗಳಲ್ಲಿ ನಾನು ಕಂಡ ದೋಷ ಒಂದೇ ಬಗೆಯದು: ಬಾರ್ ಸಣ್ಣ, ಮಧ್ಯದ ರಬ್ಬರ್ ಡ್ಯಾಂಪರ್ ನಾಪತ್ತೆ, ಒಳ ಜಾಯಿಂಟಿನ ಮೂರು ಕಾಲಿನ ಟ್ರೈಪಾಡಿನಲ್ಲಿ ಸಡಿಲ. ಫಲವಾಗಿ ವೇಗ ಹೆಚ್ಚಿಸುವಾಗ ನಡುಕ, ಆಟೊಮ್ಯಾಟಿಕ್ ಗಾಡಿಯಲ್ಲಿ ಬ್ರೇಕ್ ಒತ್ತಿ 'ಡಿ'ಯಲ್ಲಿ ನಿಂತಾಗಲೂ ನಡುಕ. ಎಂಜಿನ್ ಮೌಂಟ್ ಬದಲಿಸಿ ದುಡ್ಡು ಕಳೆದವರು ಎಷ್ಟೋ ಜನ. ರೀಮ್ಯಾನ್ ಆಕ್ಸಲ್ ಬಂದರೆ ಹಳೆಯದರ ಪಕ್ಕ ಮಲಗಿಸಿ ಉದ್ದ, ಸ್ಪ್ಲೈನ್ (ತುದಿಯ ಗೀರುಹಲ್ಲು) ಎಣಿಕೆ, ಎಬಿಎಸ್ ರಿಂಗಿನ ಹಲ್ಲು ಮೂರನ್ನೂ ಹೋಲಿಸಿ. ಹಬ್ ನಟ್ ಹೊಸದೇ ಇರಲಿ, ಗಾಡಿಯ ಭಾರ ಚಕ್ರದ ಮೇಲೆ ಬೀಳುವ ಮುಂಚೆಯೇ ಸರಿಯಾದ ಟಾರ್ಕ್‌ಗೆ ಬಿಗಿಯಾಗಿರಲಿ. ಸಡಿಲ ನಟ್‌ನಲ್ಲಿ ಗಾಡಿ ಉರುಳಿಸಿದರೆ ವೀಲ್ ಬೇರಿಂಗಿಗೆ ಪೆಟ್ಟು. ಎಡ ಬಲ ಒಂದೇ ಅಳತೆ ಇರುವ ಗಾಡಿಯಲ್ಲಿ ಎರಡನ್ನೂ ಅದಲು ಬದಲು ಮಾಡಿಯೂ ನೋಡಿದ್ದೇನೆ. ಸವೆಯದ ಬದಿಗೆ ಒತ್ತಡ ಬಿದ್ದು ಕಟಕಟ ನಿಂತಿತು. ಹೊಸದು ಬರುವವರೆಗೆ ತಳ್ಳಲು ಸಾಕು.

ಕ್ಯಾಲಿಪರ್‌ನಲ್ಲಿ ನೋಡಬೇಕಾದದ್ದು ಹೊರಗಿನ ಬಾಡಿಯಲ್ಲ, ಒಳಗೆ ಸೀಲ್ ಕೂರುವ ತೋಡು. ಪಿಸ್ಟನ್ನನ್ನು ಬ್ರೇಕ್ ಬಿಟ್ಟಾಗ ಹಿಂದಕ್ಕೆ ಎಳೆಯುವುದು ಆ ಚೌಕ ಸೀಲೇ. ಅದರ ಹಿಂದೆ ತುಕ್ಕು ಬೆಳೆದರೆ ಸೀಲ್ ಪಿಸ್ಟನ್ನನ್ನು ಬಿಗಿಹಿಡಿಯುತ್ತದೆ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ರಿಮ್ ಕಾಯುತ್ತದೆ. ಬರೀ ಸೀಲ್ ಬದಲಿಸಿ "ಸರಿಹೋಗಲಿಲ್ಲ" ಅನ್ನುವವರು ಈ ತೋಡನ್ನು ಕೆರೆದಿರುವುದಿಲ್ಲ. ಹಿತ್ತಾಳೆ ತಂತಿ ಅಥವಾ ಮರದ ಚೂಪಿನಿಂದ ಕೆರೆಯಿರಿ, ಉಕ್ಕಿನ ಚೂಪು ಅಂಚು ಕಿತ್ತುಬಿಡುತ್ತದೆ. ಕ್ರೋಮ್ ಪಿಸ್ಟನ್ ಮೇಲೆ ಸಾಸಿವೆಯಷ್ಟು ಗುಳಿ ಕಂಡರೂ ಹೊಸ ಪಿಸ್ಟನ್. ರೀಮ್ಯಾನ್ ಕ್ಯಾಲಿಪರ್ ಬಂದರೆ ಬ್ಲೀಡರ್ (ಆಯಿಲಿನೊಳಗಿನ ಗಾಳಿ ಬಿಡುವ ಸ್ಕ್ರೂ) ಮತ್ತು ಹೋಸಿನ ತೂತಿನಲ್ಲಿ ಗಾಳಿ ಹೊಡೆಯಿರಿ. ತುಕ್ಕು ತೆಗೆಯಲು ಬ್ಲಾಸ್ಟ್ ಮಾಡಿದ ಗಾಜಿನ ಮಣಿಗಳು ಉದುರಿದ್ದನ್ನು ಕಂಡಿದ್ದೇನೆ. ಬ್ಲೀಡರ್ ಮೇಲ್ಗಡೆಗೇ ಬರಬೇಕು. ಕೆಳಗೆ ಬಂದರೆ ಎಡ ಬಲ ತಪ್ಪಿ ಪ್ಯಾಕ್ ಆಗಿದೆ, ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಇರುತ್ತದೆ.

ಪವರ್ ಸ್ಟೀರಿಂಗ್ ರ‍್ಯಾಕ್‌ನಲ್ಲಿ ಸೀಲ್ ಕಿಟ್ ಸಾಕೋ ಸಾಲದೋ ಎಂದು ತೀರ್ಮಾನಿಸುವುದು ರಾಡ್ ಮತ್ತು ಸಿಲಿಂಡರಿನ ಒಳಮೈ. ರಾಡ್ ಮುಚ್ಚುವ ರಬ್ಬರ್ ಬೆಲ್ಲೋಸ್ ಹರಿದು ನೀರು ನುಗ್ಗಿ ರಾಡ್ ತುಕ್ಕು ತಿಂದಿದ್ದರೆ ಹೊಸ ಸೀಲನ್ನೂ ಅದು ಕತ್ತರಿಸುತ್ತದೆ. ಒಳಮೈ ಸವೆದಿದೆಯೋ ಎಂದು ರ‍್ಯಾಕ್ ಇಳಿಸದೆ ತಿಳಿಯುವ ಒಂದು ದಾರಿ ನನ್ನಲ್ಲಿದೆ, ಅದು ನನ್ನ ಅನ್ನದ ವಿದ್ಯೆ, ಇಲ್ಲಿ ಬಿಚ್ಚುವುದಿಲ್ಲ. ಯಾವ ರ‍್ಯಾಕ್ ಹಾಕಿದರೂ ಹಳೇ ಆಯಿಲ್, ಟ್ಯಾಂಕ್, ಪೈಪ್ ತೊಳೆಯದೆ ಕೂರಿಸಬೇಡಿ. ಸವೆದ ಪಂಪಿನ ಚೂರುಗಳು ಹೊಸ ಸೀಲನ್ನು ಬಲಿ ತೆಗೆದುಕೊಳ್ಳುತ್ತವೆ, ದೂರು ಮಾತ್ರ ರೀಮ್ಯಾನ್ ಮೇಲೆ. ಏರ್ ತೆಗೆಯುವಾಗ ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು, ಲಾಕ್‌ನಿಂದ ಲಾಕ್‌ಗೆ 20 ಸಲ ನಿಧಾನಕ್ಕೆ ತಿರುಗಿಸಿ.

ಹೊಸದೇ ಬೇಕಾದವು: ವಾಟರ್ ಪಂಪ್, ಟೈಮಿಂಗ್ ಬೆಲ್ಟ್ ಟೆನ್ಷನರ್, ವೀಲ್ ಬೇರಿಂಗ್, ಫ್ಯುಯೆಲ್ ಪಂಪ್, ಆಕ್ಸಿಜನ್ ಸೆನ್ಸರ್, ಏರ್ ಫ್ಲೋ ಸೆನ್ಸರ್, ಎಲ್ಲ ರಬ್ಬರ್. ಅಲ್ಯೂಮಿನಿಯಂ ಬ್ರೇಕ್ ಮಾಸ್ಟರ್ ಸಿಲಿಂಡರ್ ಅಂತೂ ಹೊಸದೇ. ಹೋನ್ ಮಾಡಿದ (ಒಳಮೈ ಉಜ್ಜಿದ) ಕೂಡಲೇ ಗಟ್ಟಿಯಾದ ಆನೊಡೈಜ್ ಪದರ ಹೋಗಿ ಮೆತ್ತನೆಯ ಲೋಹ ಹೊರಬೀಳುತ್ತದೆ. ಕ್ಲಚ್ ಪ್ರೆಷರ್ ಪ್ಲೇಟ್ ಕೂಡ ಹಾಗೇ, ದಣಿದ ಡಯಾಫ್ರಾಂ ಸ್ಪ್ರಿಂಗಿಗೆ ಪೇಂಟ್ ಹೊಡೆದರೆ ಬಲ ಬರುವುದಿಲ್ಲ. ಕಾಮನ್ ರೈಲ್ ಇಂಜೆಕ್ಟರ್ ರೀಮ್ಯಾನ್ ಹಾಕಬಹುದು, ಆದರೆ ಟೆಸ್ಟ್ ಆದಮೇಲೆ ಕೊಟ್ಟ ಹೊಸ ಕೋಡ್ ಇರಬೇಕು, ಅದನ್ನು ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ಬರೆಯಬೇಕು.

ಹಳೇ ಪೀಸಿನ ಠೇವಣಿ (ರೀಮ್ಯಾನ್ ಕೊಳ್ಳುವಾಗ, ಹಳೆಯದನ್ನು ಒಪ್ಪಿಸುವವರೆಗೆ ಮಾರುವವರು ಹಿಡಿದಿಡುವ ದುಡ್ಡು) ಬೇಗ ವಾಪಸ್ ಬರಲಿ ಎಂದು ಅವಸರಪಡಬೇಡಿ. ಬಂದ ಪೀಸ್ ಕೂತು ಒಂದು 500 ಕಿಲೋಮೀಟರ್ ಓಡುವವರೆಗೆ ಹಳೆಯದು ನಿಮ್ಮ ಹತ್ತಿರವೇ ಇರಲಿ, ಒಪ್ಪಂದದ ಗಡುವು ಮಾತ್ರ ಮೀರದಿರಲಿ. ಒರಿಜಿನಲ್ ಬಾಡಿ ಗಟ್ಟಿಯಾಗಿದ್ದರೆ ನಾನು ಎಷ್ಟೋ ಸಲ ಠೇವಣಿಯನ್ನೇ ಬಿಟ್ಟು ಅದನ್ನು ಇಟ್ಟುಕೊಂಡಿದ್ದೇನೆ. ಮುಂದಿನ ಸಲ 20ರಲ್ಲಿ ಕೆಲಸ ಮುಗಿಯುವುದು ಅದರಿಂದಲೇ.