ಈಸ್ಟ್ರೊಜೆನ್ ಹಾಕುವ ಮೊದಲು ಈಸ್ಟ್ರೊಜೆನ್ ತೆಗೆಯಬೇಕು

ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಕಾರಣ. ಆದರೆ ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಹಾಗಾದರೆ ವೈರಸ್ ಜೊತೆ ಕೈಜೋಡಿಸೋದು ಯಾವುದು? 1996ರಲ್ಲಿ ಅಮೆರಿಕದ ಆರ್ಬೈಟ್, ಹೌಲಿ ಮತ್ತು ಹನಹಾನ್, ಈ ವೈರಸ್ಸಿನ 16ನೇ ಬಗೆಯಾದ ಎಚ್‌ಪಿವಿ 16ರ ಜೀನ್‌ಗಳಿದ್ದ ಇಲಿಗಳಿಗೆ ತಿಂಗಳುಗಟ್ಟಲೆ ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನ್ ಕೊಟ್ಟರು. ಗರ್ಭಕಂಠದಲ್ಲೂ ಯೋನಿಯಲ್ಲೂ ಕ್ಯಾನ್ಸರ್ ಬಂತು. ಇದನ್ನೇ ಲ್ಯಾಬಿನ ತಟ್ಟೆಯಲ್ಲಿ ನೋಡಬೇಕು ಅಂತ ನಾನು ಹೊರಟೆ.

ನಾನು ಬೆಳೆಸಿದ್ದು ಎಚ್‌ಪಿವಿ 16ರ ಇ6, ಇ7 ಜೀನ್ ಸೇರಿಸಿದ ಗರ್ಭಕಂಠದ ಕೋಶಗಳನ್ನು. ಪಿ53, ಆರ್‌ಬಿ ಎರಡೂ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನ್‌ಗಳು. ಇ6 ಪಿ53 ಪ್ರೋಟೀನನ್ನು ನಾಶ ಮಾಡಿಸುತ್ತದೆ. ಇ7 ಆರ್‌ಬಿ ಪ್ರೋಟೀನಿನ ಕೈ ಕಟ್ಟುತ್ತದೆ. ಕೋಶ ಸಾಯದೆ ಒಂದು ಎರಡಾಗಿ ವಿಭಜನೆ ಆಗುತ್ತಲೇ ಇರುತ್ತದೆ. ಅಷ್ಟಕ್ಕೇ ಅದು ಕ್ಯಾನ್ಸರ್ ಕೋಶ ಆಗಲ್ಲ. ತಟ್ಟೆಯ ತಳ ಹಿಡಿಯದೆ, ಅಗಾರ್ ಅನ್ನುವ ಮೆತ್ತನೆಯ ಜೆಲ್ಲಿಯ ಒಳಗೇ ಗುಂಪು ಕಟ್ಟಿದರೆ ಮಾತ್ರ ಕ್ಯಾನ್ಸರ್ ಕೋಶವಾಗಿ ರೂಪಾಂತರ ಆಗಿದೆ ಅಂತ ಲೆಕ್ಕ.

ಹಾರ್ಮೋನ್ ಹಾಕೋದು ಸುಲಭ. ನಾನು ಬಳಸಿದ ಈಸ್ಟ್ರೊಜೆನ್, ಅಂದರೆ ಎಸ್ಟ್ರಡಯೋಲ್, ನೀರಿನಲ್ಲಿ ಸರಿಯಾಗಿ ಕರಗಲ್ಲ, ಎಥನಾಲ್‌ನಲ್ಲಿ ಕರಗಿಸಬೇಕು. ಹೋಲಿಕೆಗೆ ಇಟ್ಟ, ಹಾರ್ಮೋನ್ ಇಲ್ಲದ ತಟ್ಟೆಗೂ ಅಷ್ಟೇ ಎಥನಾಲ್ ಹಾಕಬೇಕು. ಕಷ್ಟ ಇರೋದು ಮೊದಲೇ ಇರುವ ಈಸ್ಟ್ರೊಜೆನ್ ತೆಗೆಯೋದರಲ್ಲಿ. ಕೋಶ ಬೆಳೆಸಲು ಹಾಕುವ ಕರುವಿನ ಸೀರಮ್‌ನಲ್ಲಿ (ರಕ್ತದ ತಿಳಿಯಲ್ಲಿ) ಅದು ಇದ್ದೇ ಇರುತ್ತದೆ. ಕೋಶಗಳ ಆಹಾರದ ದ್ರವಕ್ಕೆ, ಅಂದರೆ ಮೀಡಿಯಾಗೆ, ಕೆಂಪು ಬಣ್ಣ ಕೊಡುವ ಫೀನಾಲ್ ರೆಡ್ ಕೂಡ ಸ್ವಲ್ಪ ಈಸ್ಟ್ರೊಜೆನ್ ಥರ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ಕನ್ನೂ ನಂಬುವ ಹಾಗಿಲ್ಲ. ಟ್ಯೂಬ್‌ನಿಂದ ಸೋರಿದ ನಾನೈಲ್‌ಫೀನಾಲ್ ಅನ್ನುವ ರಾಸಾಯನಿಕ ಸ್ತನ ಕ್ಯಾನ್ಸರ್ ಕೋಶಗಳನ್ನು ಬೆಳೆಸಿದ್ದನ್ನು 1991ರಲ್ಲಿ ಆನಾ ಸೋಟೊ ತಂಡ ತೋರಿಸಿತ್ತು. ಇದನ್ನೆಲ್ಲ ಬಿಟ್ಟು ಸುಮ್ನೆ ಹಾರ್ಮೋನ್ ಸುರಿದರೆ, ಉಪ್ಪಿರುವ ಸಾರಿಗೇ ಇನ್ನೊಂದು ಚಿಟಿಕೆ ಉಪ್ಪು ಹಾಕಿ ರುಚಿ ನೋಡಿದ ಹಾಗೆ.

ಅದಕ್ಕೆ ಫೀನಾಲ್ ರೆಡ್ ಇಲ್ಲದ ಮೀಡಿಯಾ ತರಿಸಿದೆ. ಸೀರಮ್‌ಗೆ ಡೆಕ್ಸ್‌ಟ್ರಾನ್ ಲೇಪಿಸಿದ ಇದ್ದಿಲು ಪುಡಿ ಹಾಕಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ತಿರುಗಿಸಿ, ಸೆಂಟ್ರಿಫ್ಯೂಜ್ ಮಾಡಿದೆ. ತಳದಲ್ಲಿ ಕಪ್ಪು ಕೆಸರು ಕೂರುತ್ತದೆ. ಮೇಲಿನ ಸೀರಮ್ಮನ್ನು ಹೊಸ ಟ್ಯೂಬಿಗೆ ಬಗ್ಗಿಸಿ ಮತ್ತೊಮ್ಮೆ ಸೆಂಟ್ರಿಫ್ಯೂಜ್ ಮಾಡಲೇಬೇಕು. ಇಲ್ಲದಿದ್ದರೆ ಉಳಿದ ನುಣುಪು ಪುಡಿ 0.22 ಮೈಕ್ರಾನ್ ಫಿಲ್ಟರನ್ನು ಕ್ಷಣದಲ್ಲಿ ಕಟ್ಟಿಸಿಬಿಡುತ್ತದೆ. ಇದ್ದಿಲು ಬರೀ ಈಸ್ಟ್ರೊಜೆನ್ ಅಲ್ಲ, ಬೇರೆ ಹಾರ್ಮೋನ್‌ಗಳನ್ನೂ ಹೀರುತ್ತದೆ. ಕೋಶಗಳು ಸೊರಗುತ್ತವೆ, ತಾಳ್ಮೆ ಬೇಕು.

ಕೋಶದಲ್ಲಿ ಈಸ್ಟ್ರೊಜೆನ್ ರಿಸೆಪ್ಟರ್ (ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್) ಇದೆಯಾ ಅಂತ, ಪ್ರೋಟೀನ್ ಪತ್ತೆ ಮಾಡುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಮಾಡಿ ನೋಡಿಕೊಂಡೇ ಮುಂದುವರಿದೆ. 10 ನ್ಯಾನೊಮೋಲಾರ್ ಎಸ್ಟ್ರಡಯೋಲ್ ಇದ್ದ ತಟ್ಟೆಗಳಲ್ಲಿ ಗುಂಪುಗಳು ಜಾಸ್ತಿ ಬಂದವು. ರಿಸೆಪ್ಟರ್ ಕೆಡಿಸುವ ಫುಲ್ವೆಸ್ಟ್ರಾಂಟ್ ಔಷಧಿ ಸೇರಿಸಿದಲ್ಲಿ ಇಳಿದವು. ಆದರೂ ವ್ಯತ್ಯಾಸ ಇಲಿಯಲ್ಲಿ ಕಂಡಷ್ಟು ದೊಡ್ಡದಲ್ಲ.

ನನ್ನ ಪ್ರಕಾರ, ತಟ್ಟೆಯಲ್ಲಿ ಇಲ್ಲದಿರುವುದು ಸ್ಟ್ರೋಮಾ, ಅಂದರೆ ಕೋಶಗಳ ಕೆಳಗಿನ ಆಧಾರದ ಅಂಗಾಂಶ. ಮನುಷ್ಯರ ಗರ್ಭಕಂಠದ ಗೆಡ್ಡೆಗಳಲ್ಲಿ ಕ್ಯಾನ್ಸರ್ ಕೋಶಗಳು ಈ ರಿಸೆಪ್ಟರನ್ನು ಕಳೆದುಕೊಂಡರೂ ಸುತ್ತಲಿನ ಸ್ಟ್ರೋಮಾದಲ್ಲಿ ಅದು ಉಳಿದಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ಪಾಲ್ ಲ್ಯಾಂಬರ್ಟ್ ತಂಡವೂ ಇಲಿಗಳಲ್ಲಿ ಈ ಕ್ಯಾನ್ಸರ್ ಬರಲು ಸ್ಟ್ರೋಮಾದ ರಿಸೆಪ್ಟರ್ ಬೇಕೇ ಬೇಕು ಅಂತ ತೋರಿಸಿದೆ. ಹಾಗಾಗಿ ಈಗ ಕೊಲಾಜೆನ್ ಪ್ರೋಟೀನಿನ ಜೆಲ್‌ನಲ್ಲಿ ಫೈಬ್ರೊಬ್ಲಾಸ್ಟ್‌ಗಳನ್ನು, ಅಂದರೆ ಸ್ಟ್ರೋಮಾದ ಕೋಶಗಳನ್ನು, ಕೂರಿಸಿ, ಅದರ ಮೇಲೆ ಈ ಕೋಶಗಳನ್ನು ಬೆಳೆಸುತ್ತಿದ್ದೇನೆ.